ಡೊಬ್ಬಣಕ್ಕೆ ಹೆಸರಿಟ್ಟವಳು

ಹೊಸನಗರದ ಧರ್ಮಪ್ಪನಿಗೆ ಸುಳ್ಳು ಹೇಳುವುದರಲ್ಲಿ ಅಂಥ ಪಳಗಿದ ನಾಲಿಗೆಯೇನೂ ಇರಲಿಲ್ಲ. ಖಾಸಗಿ ಬಸ್ಸಿನ ಏಜೆಂಟನಾಗಿ ಇಪ್ಪತ್ತಾರು ವರ್ಷ ಬಸ್ ಸ್ಟ್ಯಾಂಡಿನಲ್ಲಿ ನಿಂತವನು. 'ಇನ್ನೇನು ಬಂತು, ನಿಟ್ಟೂರು ಬಿಟ್ಟಿದೆ' ಎಂದು ದಿನಕ್ಕೆ ಹತ್ತು ಸಲ ಹೇಳಿದ್ದನ್ನು ಬಿಟ್ಟರೆ, ಊರಿನಲ್ಲಿ ಅವನ ಮಾತಿಗೆ ಬೆಲೆಯಿತ್ತು. ಹಾಗಾಗಿಯೇ ಅವನು ಒಂದೇ ಒಂದು ಸುಳ್ಳನ್ನು ಅಷ್ಟು ವರ್ಷ ಜೋಪಾನವಾಗಿ ಸಾಕಿಕೊಂಡು ಬರಲು ಸಾಧ್ಯವಾಯಿತು.

ಬಸ್ಸು ಹೋದಮೇಲೆ ಇನ್ನೊಂದು ಬಸ್ಸು ಬರುವವರೆಗೆ ಅವನಿಗೆ ಒಂದು ಹುಚ್ಚಿತ್ತು. ಟ್ರಿಪ್ ಶೀಟಿನ ಹಿಂಬದಿಯಲ್ಲಿ ಕಾದಂಬರಿ ಬರೆಯುವುದು. ಒಂದಲ್ಲ, ಒಂಬತ್ತು ಬರೆದ. ಎಲ್ಲ ಸೇರಿ 'ಒಂಬತ್ತು ಕೊಳ್ಳದ ಕಥೆ'. ಯಾವ ಭೂಪಟದಲ್ಲೂ ಸಿಗದ ಒಂದು ನಾಡು, ಅಲ್ಲಿಯ ಜನ, ಅಲ್ಲಿಯ ಪ್ರಾಣಿ, ಅವರ ಜಗಳ, ಅವರ ಮದುವೆ. ಮೊದಲನೆಯದು ಬಂದದ್ದು ಎರಡು ಸಾವಿರದ ಐದರಲ್ಲಿ, ಕೊನೆಯದು ಬಂದು ಎರಡು ವರ್ಷವಾಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಶಾಲೆಗೆ ಹೋದ ಒಂದು ತಲೆಮಾರಿನ ಮಕ್ಕಳು ಅದನ್ನು ಓದಿಕೊಂಡೇ ದೊಡ್ಡವರಾದರು.

ಅಂಥವರಲ್ಲಿ ಯಶಸ್ವಿನಿ ಒಬ್ಬಳು. ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದಳು. ಕಳೆದ ಕಾರ್ತಿಕದಲ್ಲಿ ಒಂದು ಭಾನುವಾರ ಅವಳು ಧರ್ಮಪ್ಪನ ಮನೆಗೆ ಬಂದು, ಜಗಲಿಯ ಮೇಲೆ ಕೂತು, ಚೀಲದಿಂದ ಒಂದು ದೊಡ್ಡ ಚಾರ್ಟ್ ಪೇಪರ್ ತೆಗೆದು ಹಾಸಿದಳು. ಎಡಗಡೆ ಒಂದು ಸಾಲು ಪದ, ಬಲಗಡೆ ಒಂದು ಸಾಲು ಪದ.

"ಸಾರ್, ಮೊದಲ ನಾಕು ಪುಸ್ತಕದಲ್ಲಿ ಮಳೆ ಕುಡಿಯೋ ಪ್ರಾಣಿಗೆ ಡೊಬ್ಬಣ ಅಂತ ಹೆಸರು. ಐದನೇ ಪುಸ್ತಕಕ್ಕೆ ಬಂದ ಕೂಡಲೇ ಅದು ಮೇಘಭಕ್ಷಕ ಆಗುತ್ತೆ. ಕತ್ತಲಲ್ಲಿ ದಾರಿ ತೋರಿಸೋ ಕಲ್ಲು ಮೊದಲು ಮಿಣುಕುಳ್ಳಿ, ಆಮೇಲೆ ಜ್ಯೋತಿಶ್ಶಿಲೆ. ನೆರಳು ಕದಿಯೋರು ಸರಕ್ಕಗಳು ಅಂತ ಇದ್ದೋರು ಛಾಯಾಚೋರರಾಗ್ತಾರೆ. ಒಟ್ಟು ಅರವತ್ತೆರಡು ಪದ ಸಾರ್. ಒಂದನ್ನೂ ಬಿಡದೆ ಬದಲಾಯಿಸಿದೀರಿ. ಯಾಕೆ?"

ಹದಿಮೂರು ವರ್ಷದಿಂದ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಾಗಿಲಿಗೆ ಬರುತ್ತದೆಂದು ಧರ್ಮಪ್ಪನಿಗೆ ಗೊತ್ತಿತ್ತು. ಕನ್ನಡಕ ಒರೆಸಿಕೊಂಡ, ನೀರು ಕುಡಿದ, ಆಮೇಲೆ ನಿಧಾನಕ್ಕೆ ಒಂದು ಸಿದ್ಧಾಂತ ಹೆಣೆದ.

"ನಾಡು ಬೆಳೀತಲ್ಲಮ್ಮ. ಮೊದಲು ಅಲ್ಲಿ ಇದ್ದೋರು ಕಾಡಿನ ಜನ. ಆಮೇಲೆ ಅರಮನೆ ಬಂತು, ಪಂಡಿತರು ಬಂದ್ರು. ಜನ ಬದಲಾದ್ರೆ ಮಾತೂ ಬದಲಾಗ್ಬೇಕಲ್ದಾ?"

ಯಶಸ್ವಿನಿಯ ಕಣ್ಣು ಅರಳಿತು. "ಅಂದ್ರೆ ಬೇಕಂತಲೇ ಮಾಡಿದ್ದಾ ಸಾರ್? ನಾನು ಎಷ್ಟು ಯೋಚನೆ ಮಾಡಿದ್ರೂ ಇದು ಹೊಳೀಲಿಲ್ಲ!" ಎಂದು ಗಬಗಬನೆ ಬರೆದುಕೊಂಡಳು. ಬರೆಯುತ್ತಲೇ, "ಆದ್ರೂ ಆ ಮೊದಲ ಪದಗಳಿವೆಯಲ್ಲ ಸಾರ್, ಡೊಬ್ಬಣ, ಮಿಣುಕುಳ್ಳಿ... ಕಾಡಿನಲ್ಲೇ ಹುಟ್ಟಿ ಬೆಳೆದವರಿಗೆ ಮಾತ್ರ ಅವು ಸಿಗೋದು," ಎಂದಳು. ಬರುವ ತಿಂಗಳು ಕಾಲೇಜಿನಲ್ಲಿ ವಿಚಾರ ಸಂಕಿರಣವಿದೆ, ತಾನು ಈ ಪದಗಳ ಮೇಲೆಯೇ ಪ್ರಬಂಧ ಓದುತ್ತೇನೆ, ತಾವು ವೇದಿಕೆಯ ಮೇಲಿರಬೇಕು ಎಂದಳು. ಒಂಬತ್ತೂ ಪುಸ್ತಕ ಒಟ್ಟಿಗೆ ಅಚ್ಚಾಗುತ್ತಿರುವ ಹೊಸ ಆವೃತ್ತಿಯ ಕೊನೆಗೆ ಆ ಪ್ರಬಂಧ ಸೇರುತ್ತದೆಂದೂ ಹೇಳಿದಳು. ಧರ್ಮಪ್ಪ ಎಲ್ಲದಕ್ಕೂ ಹೂಂ ಎಂದ.

ಅವಳು ಹೋದಮೇಲೆ ಹೆಂಡತಿ ಕೆರಿಯಮ್ಮ ಕಾಫಿ ಲೋಟ ಎತ್ತಿಕೊಳ್ಳಲು ಬಂದಳು. ಅವಳು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಆ ಹೆಸ್ರೆಲ್ಲ ಪ್ರೆಸ್ಸಿನ ಹುಡ್ಗಿ ಇಟ್ಟಿದ್ದು ಅಂತ ನೀವೇ ಅಲ್ದಾ ಅವತ್ತು ನಗಾಡ್ಕೊಂಡು ಹೇಳಿದ್ದು? ಈಗ ಅರಮನೆ ಬಂತು, ಪಂಡಿತ್ರು ಬಂದ್ರು ಅಂತ ಇದೆಂತ ಹೊಸ ರಾಗ?"

"ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡು."

"ಹೌದು, ನಂಗೆ ಗೊತ್ತಾಗಲ್ಲ. ಆ ಪ್ರೆಸ್ಸಿನ ಹುಡ್ಗಿಗಾದ್ರೂ ಗೊತ್ತಾಗ್ತದಲ್ಲ," ಎಂದು ಕೆರಿಯಮ್ಮ ಲೋಟ ತೆಗೆದುಕೊಂಡು ಒಳಗೆ ಹೋದಳು. ಆ ದಿನವೆಲ್ಲ ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಧರ್ಮಪ್ಪ ರೇಗಿ, ಜಗಳ ಮಾಡಿ, ಹಗುರವಾಗುತ್ತಿದ್ದ. ಅವಳು ಆ ಅವಕಾಶವನ್ನೂ ಕೊಡಲಿಲ್ಲ.

ನಡೆದದ್ದು ಹೀಗೆ. ಧರ್ಮಪ್ಪನಿಗೆ ಕಥೆ ಕಟ್ಟಲು ಬರುತ್ತಿತ್ತು, ಹೆಸರು ಕಟ್ಟಲು ಬರುತ್ತಿರಲಿಲ್ಲ. ಹೆಸರು ಬೇಕಾದಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಮಳೆ ಕುಡಿಯುವ ಪ್ರಾಣಿ, ಹೆಸರು ಆಮೇಲೆ' ಎಂದು ಬರೆದು ಮುಂದೆ ಓಡುತ್ತಿದ್ದ. ಬರೆದ ಹಾಳೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ, ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟರೆ ಅವು ಸಾಗರದ ಪ್ರೆಸ್ಸಿಗೆ ಮುಟ್ಟುತ್ತಿದ್ದವು. ಅಲ್ಲಿಂದ ಪ್ರೂಫು ಸಂಜೆಯ ಬಸ್ಸಿನಲ್ಲಿ ಬರುತ್ತಿತ್ತು. ಒಂದು ದಿನ ಗೆರೆಗಳನ್ನು ತುಂಬುವುದನ್ನು ಮರೆತು ಕಟ್ಟು ಕಳಿಸಿಬಿಟ್ಟ. ನೆನಪಾಗುವಷ್ಟರಲ್ಲಿ ಬಸ್ಸು ಊರು ದಾಟಿತ್ತು. ಸಂಜೆ ಪ್ರೂಫು ಬಿಚ್ಚಿ ನೋಡಿದರೆ ಒಂದು ಗೆರೆಯೂ ಖಾಲಿ ಇಲ್ಲ. ಮಳೆ ಕುಡಿಯುವ ಪ್ರಾಣಿ ಡೊಬ್ಬಣವಾಗಿ ಹಾಳೆಯ ತುಂಬ ಓಡಾಡುತ್ತಿತ್ತು.

ಧರ್ಮಪ್ಪ ಬೈಯಲೆಂದೇ ಪ್ರೆಸ್ಸಿಗೆ ಫೋನ್ ಮಾಡಿದ. ಆ ಕಡೆಯಿಂದ ಒಂದು ಅಳುಕಿನ ದನಿ ಬಂತು. ಡಿ.ಟಿ.ಪಿ. ಮಾಡುವ ಶ್ಯಾಮಲಾ. ಸಾಗರದ ರೈಲ್ವೆ ಸ್ಟೇಷನ್ನಿನ ಹಿಂದಿನ ಕೇರಿಯ ಟೈಲರ್ ಮಗಳು, ಆಗಿನ್ನೂ ಇಪ್ಪತ್ತು ವರ್ಷ. ಅವಳು ಕಾಡನ್ನು ಕಂಡದ್ದು ರೈಲಿನ ಕಿಟಕಿಯಿಂದ ಮಾತ್ರ.

"ಖಾಲಿ ಬಿಟ್ರೆ ಸಾಲು ಸರಿಯಾಗಿ ಕೂರಲ್ಲ ಸಾರ್, ಅದ್ಕೇ ಏನೋ ಒಂದು ಹಾಕ್ದೆ. ಮಳೆನೆಲ್ಲ ಕುಡಿದ್ರೆ ಹೊಟ್ಟೆ ಡೊಬ್ಬಾಗಿರ್ಬೇಕಲ್ವಾ ಅಂತ. ಬೇಡ ಅಂದ್ರೆ ತೆಗೀತೀನಿ ಸಾರ್."

ಧರ್ಮಪ್ಪ ಬಾಯಲ್ಲಿ ಡೊಬ್ಬಣ, ಡೊಬ್ಬಣ ಎಂದು ಹೇಳಿ ನೋಡಿದ. "ಇರ್ಲಿ ಬಿಡು," ಎಂದ. ಆಮೇಲೆ ಅವನು ಗೆರೆ ತುಂಬುವ ಗೋಜಿಗೇ ಹೋಗಲಿಲ್ಲ. ನಾಲ್ಕು ಪುಸ್ತಕ, ಆರು ವರ್ಷ, ಬೆಳಿಗ್ಗೆ ಗೆರೆಗಳು ಹೋಗುತ್ತಿದ್ದವು, ಸಂಜೆ ಹೆಸರುಗಳು ಬರುತ್ತಿದ್ದವು, ಅವನು ಫೋನ್ ಮಾಡಿ 'ಇರ್ಲಿ' ಎನ್ನುತ್ತಿದ್ದ. ಓದುಗರು ಕಥೆಗಿಂತ ಮೊದಲು ಆ ಹೆಸರುಗಳಿಗೆ ಮರುಳಾದರು. ಮಕ್ಕಳು ಶಾಲೆಯಲ್ಲಿ ಒಬ್ಬರಿಗೊಬ್ಬರು ಸರಕ್ಕ ಎಂದು ಬೈದುಕೊಳ್ಳುವಷ್ಟಾಯಿತು. ಮುನ್ನುಡಿಯಲ್ಲಿ ಧರ್ಮಪ್ಪ ಪ್ರೆಸ್ಸಿನ ಮಾಲೀಕರನ್ನು ನೆನೆದ, ಬಸ್ಸಿನ ಮಾಲೀಕರನ್ನು ನೆನೆದ, ಟೀ ತಂದುಕೊಟ್ಟವರನ್ನೂ ನೆನೆದ. ಶ್ಯಾಮಲಾಳ ಹೆಸರು ಎಲ್ಲೂ ಬರಲಿಲ್ಲ. ಮೊದಲು ಅದು ಬರೀ ಮರೆವು. ಮರೆವಿಗೆ ಯಾರೂ ನಾಚಬೇಕಾಗಿಲ್ಲ.

ನಾಚಬೇಕಾದದ್ದು ನಾಲ್ಕನೆಯ ಪುಸ್ತಕದ ಹೊತ್ತಿಗೆ ನಡೆಯಿತು. ಅಷ್ಟರಲ್ಲಿ ಮೂರನೆಯದಕ್ಕೆ ಒಂದು ಬಹುಮಾನ ಬಂದಿತ್ತು. ವೇದಿಕೆಯ ಮೇಲೆ ಯಾರೋ ಈ ಪದಗಳೆಲ್ಲ ನಿಮಗೆ ಹೇಗೆ ಹೊಳೆಯುತ್ತವೆ ಎಂದು ಕೇಳಿದರು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಎದುರಿಗೆ ಮುನ್ನೂರು ಜನ. ಧರ್ಮಪ್ಪ, "ಕಾಡಿನ ಸದ್ದಿಗೆ ಕಿವಿಗೊಟ್ಟರೆ ತಾನಾಗಿ ಬರುತ್ತವೆ," ಎಂದುಬಿಟ್ಟ. ಮಾರನೆಯ ದಿನ ಪೇಪರಿನಲ್ಲಿ ಅದೇ ತಲೆಬರಹವಾಯಿತು. ಮುಂದಿನ ವಾರ ನಾಲ್ಕನೆಯ ಪುಸ್ತಕದ ಕೊನೆಯ ಪ್ರೂಫು ಬಂತು. ಮೊದಲ ಪುಟದ ಹಿಂಬದಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಒಂದು ಹೊಸ ಸಾಲು ಇತ್ತು. 'ಅಕ್ಷರ ಜೋಡಣೆ: ಶ್ಯಾಮಲಾ.'

ಹೆಸರಿಟ್ಟವಳು ಎಂದು ಅವಳು ಬರೆದುಕೊಂಡಿರಲಿಲ್ಲ. ಟೈಪು ಮಾಡಿದವಳು ಎಂದಷ್ಟೇ. ಆದರೂ ಧರ್ಮಪ್ಪನಿಗೆ ಭಯವಾಯಿತು. ಇವಳು ಯಾರು ಎಂದು ಯಾರಾದರೂ ಹೋಗಿ ಕೇಳಿದರೆ? ಇವಳು ಎಲ್ಲ ಹೇಳಿಬಿಟ್ಟರೆ? ಅವನು ಕೆಂಪು ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೀಟು ಹೊಡೆದು, ಪಕ್ಕದಲ್ಲಿ 'ತೆಗೆಯಿರಿ' ಎಂದು ಬರೆದ. ಬೆಳಗಿನ ಬಸ್ಸಿಗೆ ಹಾಕಿದ. ಸಂಜೆ ತಿದ್ದಿದ ಪ್ರೂಫು ಬಂದಾಗ ಆ ಸಾಲು ಇರಲಿಲ್ಲ. ತನ್ನ ಹೆಸರನ್ನು ತಾನೇ ಅಳಿಸುವ ಕೆಲಸ ಅವಳ ಪಾಲಿಗೇ ಬಂದಿತ್ತು ಎನ್ನುವುದು ಧರ್ಮಪ್ಪನ ತಲೆಗೆ ಹೋದದ್ದು ಆಗ. ಎರಡು ತಿಂಗಳಿಗೆ ಅವಳು ಪ್ರೆಸ್ಸು ಬಿಟ್ಟು, ಮದುವೆಯಾಗಿ ತೀರ್ಥಹಳ್ಳಿಗೆ ಹೋದಳೆಂದು ಸುದ್ದಿ ಬಂತು.

ಐದನೆಯ ಪುಸ್ತಕ ಬರೆಯಲು ಕೂತಾಗ ಡೊಬ್ಬಣ ಎಂದು ಬರೆಯಲು ಅವನ ಕೈ ಏಳಲಿಲ್ಲ. ಬರೆದಾಗಲೆಲ್ಲ ಆ ಕೆಂಪು ಗೀಟು ಕಣ್ಣ ಮುಂದೆ ಬರುತ್ತಿತ್ತು. ಮಿಣುಕುಳ್ಳಿಯೂ ಅಷ್ಟೇ, ಸರಕ್ಕವೂ ಅಷ್ಟೇ. ಕೊನೆಗೆ ನಿಘಂಟು ತೆಗೆದುಕೊಂಡು ಕೂತು ಅರವತ್ತೆರಡು ಹೆಸರನ್ನೂ ಬದಲಾಯಿಸಿದ. ಕದ್ದ ಮಾಲಿಗೆ ಬಣ್ಣ ಹೊಡೆದ ಹಾಗಾಯಿತು. ನಮ್ಮ ಡೊಬ್ಬಣ ಎಲ್ಲಿ ಹೋಯಿತು ಎಂದು ಮಕ್ಕಳು ಕಾಗದ ಬರೆದರು. ಧರ್ಮಪ್ಪ ಆ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಇಷ್ಟೇ ಆ ನಾಡಿನ ಅರಮನೆ, ಇಷ್ಟೇ ಅಲ್ಲಿಯ ಪಂಡಿತರು.

ಸಂಕಿರಣದ ದಿನ ಅವನು ಎರಡು ತಾಸು ಮೊದಲೇ ತೀರ್ಥಹಳ್ಳಿಯಲ್ಲಿ ಬಸ್ಸಿಳಿದ. ಶ್ಯಾಮಲಾಳ ಅಂಗಡಿ ಎಲ್ಲಿದೆಯೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಜೆರಾಕ್ಸ್ ಮತ್ತು ಡಿ.ಟಿ.ಪಿ. ಸೆಂಟರ್. ಅದೇ ಕಾರಣಕ್ಕೆ ಅವನು ಇಷ್ಟು ವರ್ಷ ಆ ದಾರಿ ಬಿಟ್ಟು ಸುತ್ತು ಹಾಕಿ ಓಡಾಡಿದ್ದ.

ಅಂಗಡಿಯಲ್ಲಿ ನಾಲ್ಕೈದು ಜನ ಕಾಯುತ್ತಿದ್ದರು. ಶ್ಯಾಮಲಾ ಯಾರದೋ ಖಾತೆ ಬದಲಾವಣೆಯ ಅರ್ಜಿ ಟೈಪು ಮಾಡುತ್ತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು. ತಲೆ ಎತ್ತಿದವಳೇ ಗುರುತು ಹಿಡಿದಳು.

"ಅಯ್ಯೋ, ಧರ್ಮಪ್ಪ ಸಾರ್! ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದು ಸ್ಟೂಲಿನ ಮೇಲಿದ್ದ ಕಾಗದದ ಕಟ್ಟು ತೆಗೆದಿಟ್ಟಳು. ಟೀ ತರಿಸಿದಳು. ಮಗಳು ಆರನೇ ಕ್ಲಾಸು ಓದುತ್ತಿದ್ದಾಳೆ, ನಿಮ್ಮ ಒಂಬತ್ತೂ ಪುಸ್ತಕ ಅವಳಿಗೆ ಬಾಯಿಪಾಠ ಎಂದಳು. ಆ ಪುಸ್ತಕಗಳು ಅಲ್ಲೇ ಗಾಜಿನ ಕಪಾಟಿನಲ್ಲಿ ಸ್ಟಾಂಪ್ ಪ್ಯಾಡುಗಳ ಪಕ್ಕ ಇದ್ದವು. ಹೇಳಬೇಕೆಂದು ಬಂದ ಮಾತನ್ನು ಮುಂದೂಡಿ, ಧರ್ಮಪ್ಪ ಸುಮ್ಮನೆ ಕೈಗೆ ಏನಾದರೂ ಇರಲೆಂದು ಏಳನೆಯ ಪುಸ್ತಕ ತೆಗೆದು ಬಿಡಿಸಿದ.

ಪುಟದ ತುಂಬ ಪೆನ್ಸಿಲ್ ಗುರುತು. ಮೇಘಭಕ್ಷಕ ಎಂದಿದ್ದಲ್ಲೆಲ್ಲ ಸಣ್ಣಗೆ ಹೊಡೆದುಹಾಕಿ ಮೇಲೆ 'ಡೊಬ್ಬಣ'. ಅಷ್ಟೇ ಆಗಿದ್ದರೆ ಸರಿ. ಅವಳು ಹೋದಮೇಲೆ ಅವನು ಸೃಷ್ಟಿಸಿದ ವಸ್ತುಗಳಿಗೂ ಅವಳು ಹೆಸರಿಟ್ಟಿದ್ದಳು. ನೆರಳಲ್ಲಿ ಕೂತವರನ್ನು ನಿದ್ದೆಗೆ ಕೆಡವುವ ಮರಕ್ಕೆ ಅವನು ನಿದ್ರಾವೃಕ್ಷ ಎಂದಿದ್ದ. ಅವಳು 'ತೂಕಡ್ಲೆ' ಎಂದು ಬರೆದಿದ್ದಳು. ಗಾಳಿಯ ಮೆಟ್ಟಿಲಿಗೆ ಅವನು ವಾಯುಸೋಪಾನ ಎಂದಿದ್ದ, ಅವಳದು 'ಹಾರುಗಟ್ಟೆ'.

"ಅದು ಮಗಳಿಗೆ ಓದಿ ಹೇಳೋಕೆ ಸಾರ್. ಚಿಕ್ಕೋಳಿದ್ಲು, ದೊಡ್ಡ ದೊಡ್ಡ ಪದ ಬಂದ್ರೆ ನಿದ್ದೆ ಮಾಡ್ಬಿಡ್ತಿದ್ಲು. ಬೇಜಾರು ಮಾಡ್ಕೋಬೇಡಿ," ಎಂದು ಶ್ಯಾಮಲಾ ಸಂಕೋಚಪಟ್ಟಳು.

ತೂಕಡ್ಲೆ! ಧರ್ಮಪ್ಪನಿಗೆ ಒಂದು ಕ್ಷಣ ಎಲ್ಲ ಮರೆತುಹೋಯಿತು. ಹೊಸ ಆವೃತ್ತಿ ಇನ್ನೂ ಅಚ್ಚಿಗೆ ಹೋಗಿಲ್ಲ, ಇದನ್ನೆಲ್ಲ ಹಾಕಿದರೆ ಐದರಿಂದ ಒಂಬತ್ತರವರೆಗೆ ಪುಸ್ತಕಕ್ಕೆ ಜೀವ ಬರುತ್ತದೆ. ಇನ್ನೊಂದು ಪುಟ ತಿರುಗಿಸಿದ, ಮತ್ತೊಂದು. ಅವನ ಬಲಗೈ ಜೇಬಿನ ಪೆನ್ನಿನ ಮೇಲೆ ಬಂದು ನಿಂತಿತ್ತು.

"ಬೇಕಾದ್ರೆ ಬರ್ಕೊಳ್ಳಿ ಸಾರ್," ಎಂದಳು ಶ್ಯಾಮಲಾ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಬರೆದುಕೊಳ್ಳಲು ಒಂದು ಖಾಲಿ ಹಾಳೆಯನ್ನೂ ಮುಂದೆ ಸರಿಸಿದಳು.

ಧರ್ಮಪ್ಪನ ಮುಖ ಕಿವಿಯವರೆಗೆ ಸುಟ್ಟ ಹಾಗಾಯಿತು. ತಪ್ಪೊಪ್ಪಿಕೊಳ್ಳಲು ಬಂದವನು ಮತ್ತೆ ಕದಿಯಲು ಪೆನ್ನು ಹುಡುಕುತ್ತಿದ್ದಾನೆ. ಹದಿಮೂರು ವರ್ಷದಲ್ಲಿ ತಾನು ಕಲಿತದ್ದು ಇಷ್ಟೇ. ಅವನು ಪುಸ್ತಕ ಮುಚ್ಚಿದ.

"ಶ್ಯಾಮಲಾ, ಅವತ್ತು ನಿನ್ನ ಹೆಸರು ಹೊಡೆದುಹಾಕಿದ್ದು ನಾನು."

"ಗೊತ್ತು ಸಾರ್. ಅಳಿಸಿದ್ದು ನಾನೇ ಅಲ್ವಾ," ಎಂದು ಅವಳು ಪ್ರಿಂಟರಿಗೆ ಹಾಳೆ ಹಾಕಿದಳು. "ಅವತ್ತು ಅಪ್ಪಂಗೆ ಹೇಳಿದ್ದೆ, ಈ ಸಲ ಪುಸ್ತಕದಲ್ಲಿ ನನ್ ಹೆಸ್ರು ಬರ್ತದೆ ಅಂತ. ಅವ್ರು ಕೇರಿಗೆಲ್ಲ ಹೇಳ್ಕೊಂಡು ಬಂದಿದ್ರು. ಅದೊಂದೇ ಸಾರ್ ಬೇಜಾರಾಗಿದ್ದು," ಎಂದಳು.

ಕಾಯುತ್ತಿದ್ದವರಲ್ಲಿ ಒಬ್ಬರು ಅಕ್ಕಾ ನಂದೆಷ್ಟು ಹೊತ್ತು ಎಂದರು. ಅವಳು ಅವರ ಕಡೆ ತಿರುಗಿದಳು. ನೀನೂ ಸಭೆಗೆ ಬಾ ಎಂದು ಧರ್ಮಪ್ಪ ಕರೆದ. ಅಂಗಡಿ ಬಿಟ್ಟು ಬರೋಕಾಗಲ್ಲ ಸಾರ್ ಎಂದಳು. ಅವನು ಕಾಲೆಳೆದುಕೊಂಡು ಕಾಲೇಜಿಗೆ ನಡೆದ.

ಸಭೆಯಲ್ಲಿ ಯಶಸ್ವಿನಿ ಚೆನ್ನಾಗಿ ಓದಿದಳು. ಕಾಡು, ಅರಮನೆ, ಪಂಡಿತರು, ಎಲ್ಲ ಬಂತು. ಮಾತನಾಡಲು ಧರ್ಮಪ್ಪನ ಸರದಿ ಬಂದಾಗ ಅವನು ಮೈಕ್ ಹಿಡಿದುಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟ. ಆ ಅರವತ್ತೆರಡು ಪದದಲ್ಲಿ ಒಂದೂ ನನ್ನದಲ್ಲ. ಸಾಗರದ ಪ್ರೆಸ್ಸಿನಲ್ಲಿ ಟೈಪು ಮಾಡುತ್ತಿದ್ದ ಶ್ಯಾಮಲಾ ಎಂಬ ಹೆಣ್ಣುಮಗಳು ಇಟ್ಟದ್ದು, ಈಗ ಇದೇ ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಅವಳ ಹೆಸರನ್ನು ನಾನೇ ಅಳಿಸಿದೆ. ಅಳಿಸಿದ್ದಕ್ಕೆ ನಾಚಿಕೆಯಾಗಿ ಅವಳ ಪದಗಳನ್ನೂ ಅಳಿಸಿದೆ. ಈ ಮೇಡಂಗೆ ಮನೆಯಲ್ಲಿ ಹೇಳಿದ್ದು ಶುದ್ಧ ಸುಳ್ಳು.

ಧರ್ಮಪ್ಪ ಬೈಗುಳಕ್ಕೆ ಕಾದ. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಸಭೆ ತಟ್ಟಿತು. ಅಧ್ಯಕ್ಷರು ಎದ್ದು ನಿಂತು, ಟೈಪು ಮಾಡಿದವರಿಗೂ ತನ್ನ ಕೀರ್ತಿಯನ್ನು ಹಂಚುವ ಇಂಥ ವಿನಯ ಈ ಕಾಲದಲ್ಲಿ ಎಲ್ಲಿದೆ, ದೊಡ್ಡವರು ಎಂದರೆ ಹೀಗಿರಬೇಕು ಎಂದರು. ವಿನಯವಲ್ಲ ಮಾರಾಯ್ರೇ, ನಿಜ, ಎಂದು ಧರ್ಮಪ್ಪ ಹೇಳುವಷ್ಟರಲ್ಲಿ ಅವನ ಹೆಗಲ ಮೇಲೆ ಶಾಲು ಬಿದ್ದಿತ್ತು. ನಿಜ ಹೇಳಿದ್ದಕ್ಕೂ ಅವನಿಗೆ ಹಾರವೇ ಸಿಕ್ಕಿತು. ಕದ್ದದ್ದಕ್ಕೆ ಹಾಕಿಸಿಕೊಂಡ ಹಾರಕ್ಕಿಂತ ಇದು ಹೆಚ್ಚು ಚುಚ್ಚಿತು.

ನಂಬಿದವಳು ಒಬ್ಬಳೇ, ಯಶಸ್ವಿನಿ. ಅವಳ ಮುಖ ಬಿಳಿಚಿಕೊಂಡಿತ್ತು. ಎರಡು ವರ್ಷದ ಕೆಲಸ ಒಂದು ನಿಮಿಷದಲ್ಲಿ ಮಣ್ಣುಪಾಲಾದವಳ ಮುಖ ಅದು. ಊಟದ ಹೊತ್ತಿಗೆ ಅವಳು ಧರ್ಮಪ್ಪನ ಎದುರು ಬಂದು ನಿಂತಳು. ನಮಸ್ಕಾರ ಮಾಡಲಿಲ್ಲ.

"ಆ ಅಂಗಡಿ ಎಲ್ಲಿ?" ಎಂದಷ್ಟೇ ಕೇಳಿದಳು.

ಇಬ್ಬರೂ ಅಂಗಡಿಗೆ ನಡೆದರು. ಶ್ಯಾಮಲಾ ಊಟದ ಡಬ್ಬಿ ಮುಚ್ಚಿ ಕೈ ತೊಳೆಯುತ್ತಿದ್ದಳು. ಯಶಸ್ವಿನಿ ತನ್ನ ಪರಿಚಯ ಹೇಳಿ, ಸ್ಟೂಲೆಳೆದು ಕೂತು, ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ ಕೌಂಟರಿನ ಮೇಲಿಟ್ಟಳು.

"ಡೊಬ್ಬಣ ಅಂತ ಮೊದಲ ಸಲ ಹಾಕಿದ್ದು ನೀವಂತೆ. ಹೇಗೆ ಹೊಳೀತು, ನೀವೇ ಹೇಳಿ ಮೇಡಂ."

ಶ್ಯಾಮಲಾಳನ್ನು ಅಷ್ಟು ಮರ್ಯಾದೆಯಿಂದ ಯಾರೂ ಆ ಮಾತು ಕೇಳಿರಲಿಲ್ಲ. ಅವಳ ಮುಖದಲ್ಲಿ ಒಂದು ಹೊಳಪು ಬಂತು, ತುಟಿ ತೆರೆಯಿತು. ಆಮೇಲೆ ಏನೋ ನೆನಪಾದವಳಂತೆ ತಡೆದಳು. ಸೆರಗಿಗೆ ಕೈ ಒರೆಸಿಕೊಂಡು, ಬಾಗಿಲ ಹತ್ತಿರ ಶಾಲು ಮಡಚಿ ಹಿಡಿದು ನಿಂತಿದ್ದ ಧರ್ಮಪ್ಪನ ಕಡೆ ತಿರುಗಿದಳು.

"ಹೇಳ್ಬಹುದಾ ಸಾರ್?" ಎಂದಳು.

"ನನ್ನ ಕೇಳ್ಬೇಡಮ್ಮ," ಎಂದ ಧರ್ಮಪ್ಪ. "ನಿಂದು ಅದು. ನನ್ನ ಕೇಳ್ಬೇಡ."

ಅವಳು ಆದರೂ ಶುರು ಮಾಡಲಿಲ್ಲ. ಅವನ ಮುಖವನ್ನೇ ನೋಡುತ್ತ ಕಾದಳು. ಆರು ವರ್ಷ ಪ್ರತಿ ಸಂಜೆ ಫೋನಿನಲ್ಲಿ ಅವನ ಒಂದು 'ಇರ್ಲಿ'ಗೆ ಕಾದವಳು. ಅದಿಲ್ಲದೆ ಬಾಯಿ ತೆರೆಯುವುದು ಅವಳಿಗೆ ಗೊತ್ತಿರಲಿಲ್ಲ. ಯಶಸ್ವಿನಿಯೂ ಕಾದಳು. ಮೊಬೈಲಿನ ರೆಕಾರ್ಡಿಂಗ್ ಓಡುತ್ತಲೇ ಇತ್ತು. ಅಪ್ಪಣೆ ಕೊಡದಿದ್ದರೆ ಅವಳು ಹೇಳುವುದಿಲ್ಲ. ಕೊಟ್ಟರೆ, ಅವಳದನ್ನು ಅವಳಿಗೆ ಕೊಡುವ ಧಣಿ ಮತ್ತೆ ತಾನೇ.

"ಹೇಳು," ಎಂದ ಧರ್ಮಪ್ಪ. ಇಡೀ ಸಭೆಯೆದುರು ಆಗದಷ್ಟು ನಾಚಿಕೆ ಆ ಒಂದು ಮಾತು ಆಡುವಾಗ ಅವನಿಗೆ ಆಯಿತು.

ಶ್ಯಾಮಲಾ ಹೂಂ ಎಂದು ತಲೆಯಾಡಿಸಿ, ಯಶಸ್ವಿನಿಯ ಕಡೆ ತಿರುಗಿ, "ಸಾರ್ ತುಂಬಾ ಒಳ್ಳೇವ್ರು ಮೇಡಂ, ಅವ್ರು ಬೇಡ ಅಂದಿದ್ರೆ ನಾನು ಒಂದೂ ಹಾಕ್ತಿರ್ಲಿಲ್ಲ," ಎಂದು ಶುರು ಮಾಡಿದಳು.